ಕಣ್ಣು ಮುಚ್ಚಿ ಕೇಳಿದ ಹಾಡು

ರಿಕ್ಷಾದವನು ಕನ್ನಡಿಯಲ್ಲಿ ಮತ್ತೊಮ್ಮೆ ಹಿಂದೆ ಕೂತಿದ್ದ ಅವಳ ಮುಖ ನೋಡಿದಾಗಲೇ ಶರ್ವರಿಗೆ ಗೊತ್ತಾಯಿತು, ಇವನು ಈಗ ಕೇಳಿಯೇ ಕೇಳುತ್ತಾನೆ ಎಂದು. ಮುಖಕ್ಕೆ ಸುತ್ತಿಕೊಂಡಿದ್ದ ಸ್ಕಾರ್ಫನ್ನು ಸೆಕೆಗೆ ತಾಳದೆ ಪುಣೆಯ ನಳ ಸ್ಟಾಪಿನ ಸಿಗ್ನಲ್ಲಿನಲ್ಲಿ ಬಿಚ್ಚಿದ್ದೇ ತಪ್ಪಾಯಿತು. ಈಗ ಮತ್ತೆ ಸುತ್ತಿಕೊಂಡರೆ ಜಂಬ ಅನ್ನಿಸೀತು, ಸುತ್ತಿಕೊಳ್ಳದಿದ್ದರೆ ಕೇಳಲಿ ಎಂದೇ ಕೂತ ಹಾಗೆ ಕಂಡೀತು. ಅವಳು ಮೊಬೈಲಿನಲ್ಲಿ ಮುಖ ಹುದುಗಿಸಿದಳು. "ತಾಈ, ತ್ಯಾ ಪಾಣ್ಯಾಚ್ಯಾ ಗಾಣ್ಯಾತಲ್ಯಾ ತುಮ್ಹೀಚ ನಾ?" ಅಂದ ಅವನು. ಆ ನೀರಿನ ಹಾಡಿನವರು ನೀವೇ ಅಲ್ಲವೇ. ಹೌದು ಎಂದು ತಲೆಯಾಡಿಸಿದಳು. ಅವನು ಖುಷಿಗೆ ರಿಕ್ಷಾವನ್ನು ಸುಮ್ಮನೆ ಒಂದು ಸಲ ಗುರ್ರೆನ್ನಿಸಿದ. ತನ್ನ ಮಗಳಿಗೆ ಕನ್ನಡ ಒಂದಕ್ಷರ ತಿಳಿಯುವುದಿಲ್ಲವೆಂದೂ, ಆದರೂ ದಿನವಿಡೀ ಅದನ್ನೇ ಗುನುಗುತ್ತಾಳೆಂದೂ ಮರಾಠಿಯಲ್ಲಿ ಹೇಳುತ್ತ ಹೋಗಿ, ಕೊನೆಗೆ "ಆವಾಜ ಕಾಯ ಗೋಡ ಆಹೇ ತುಮಚಾ!" ಅಂದ. ಎಂಥ ಸಿಹಿ ದನಿ ನಿಮ್ಮದು. ಮೇಲೆ ಮೆಟ್ರೋ ಹಾದುಹೋಯಿತು. ಆ ಸದ್ದಿನಲ್ಲಿ ತನ್ನ ಮಾತು ಮುಳುಗಿದರೂ ಮುಳುಗೀತು ಎಂಬ ಆಸೆಯಿಂದ ಶರ್ವರಿ ಮೆಲ್ಲಗೆ ಹೇಳಿದಳು, "ಥ್ಯಾಂಕ್ಯೂ ದಾದಾ."

ಮುಳುಗಲಿಲ್ಲ. ಅವನಿಗೆ ಕೇಳಿಸಿತು, ನಕ್ಕ.

ಮೊದಮೊದಲು ಅವಳು ಹೀಗೆ ಅನ್ನುತ್ತಿರಲಿಲ್ಲ. ಹಾಡಿನ ವಿಡಿಯೋ ಬಂದ ಹೊಸತರಲ್ಲಿ ಕಾಲೇಜಿನ ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಮೆಹಂದಿ ಹಾಕಿಸಿಕೊಳ್ಳಲು ಕೂತ ಕಡೆ, ಯಾರು ಕೇಳಿದರೂ ಸರಿಯಾಗಿಯೇ ಹೇಳುತ್ತಿದ್ದಳು, ಅಲ್ಲ, ದನಿ ನನ್ನದಲ್ಲ, ನಮ್ಮ ಅತ್ಯಾಂದು ಎಂದು. ಆಗ ಎದುರಿನವರ ಮುಖದಲ್ಲಿ ಒಂದು ಚೂರು ಬೆಳಕು ಕಡಿಮೆಯಾಗುತ್ತಿತ್ತು. ಒಬ್ಬಳಂತೂ ನಿಜವಾದ ಕುತೂಹಲದಿಂದಲೇ ಕೇಳಿದ್ದಳು, ಹಾಗಾದರೆ ನೀನು ಅದರಲ್ಲಿ ಏನು ಮಾಡಿದೆ? ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಶರ್ವರಿ ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಿದ್ದಳು. ನೀರಿನಲ್ಲಿ ನೆನೆದೆ. ಬಾಯಿ ತೆರೆದೆ. ಕಣ್ಣು ಮುಚ್ಚಿದೆ. ಅಷ್ಟೇ ಮಾಡಿದ್ದು. ಅದಾದ ಮೇಲೆ ಥ್ಯಾಂಕ್ಯೂ ಅನ್ನುವುದೇ ಸುಲಭವೆನ್ನಿಸಿತು. ಮೊದಲ ಸಲ ಅಂದಾಗ ಕಳ್ಳತನ ಮಾಡಿದಂತಾಗಿತ್ತು. ಈಗ ಹಾಗಾಗುವುದಿಲ್ಲ, ಅದೇ ಅವಳಿಗೆ ಹೆದರಿಕೆ. ಹಾಡಿನ ಒಡತಿ ಅನುಸೂಯಾ ಅತ್ಯಾ, ಅಪ್ಪನ ಅಕ್ಕ. ಶರ್ವರಿ ಹುಟ್ಟಿದಾಗ ಬಾಣಂತನಕ್ಕೆ ನೆರವಾಗಲು ಧಾರವಾಡದಿಂದ ಪುಣೆಗೆ ಬಂದವಳು ತಿರುಗಿ ಹೋಗಲೇ ಇಲ್ಲ. ದೋಸೆ ಹುಯ್ಯುವಾಗ, ಬಟ್ಟೆ ಮಡಿಚುವಾಗ, ಗಿಡಕ್ಕೆ ನೀರು ಹಾಕುವಾಗ ಏನಾದರೊಂದು ಗುನುಗುತ್ತಲೇ ಇರುತ್ತಿದ್ದ ಆ ಹೆಂಗಸು, ವಿಡಿಯೋ ಬಂದಂದಿನಿಂದ ಹಾಡುವುದನ್ನು ಬಿಟ್ಟುಬಿಟ್ಟಿದ್ದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಕಾಲು ಹಿಡಿಯಬಹುದಿತ್ತು. ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸಲಾರಂಭಿಸಿದ ಮೇಲೆಯೇ ಶರ್ವರಿಗೆ ಇದು ಗಮನಕ್ಕೆ ಬಂದದ್ದು. ಇವತ್ತು ಭಾನುವಾರ. ಅಪ್ಪ ಅಮ್ಮ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅತ್ಯಾ ಒಬ್ಬಳೇ. ಇವತ್ತು ಕೇಳಿಬಿಡಬೇಕು, ಪೂರ್ತಿ ಹಾಡನ್ನು ಹಾಡಿಸಬೇಕು, ವಿಡಿಯೋದಲ್ಲಿ ಇಲ್ಲದ ಆ ನಡುವಿನ ನುಡಿಯನ್ನೂ ಹಾಡಿಸಬೇಕು ಎಂದು ಬೆಳಿಗ್ಗೆ ಲೈಬ್ರರಿಗೆ ಹೋಗುವಾಗಲೇ ನಿಶ್ಚಯಿಸಿದ್ದಳು. ಲೈಬ್ರರಿಯಲ್ಲಿ ಒಂದು ಪುಟವೂ ತಲೆಗೆ ಹತ್ತಲಿಲ್ಲ.

ಅದು ಎರೆಯುವಾಗಿನ ಹಾಡು. ವಾರಕ್ಕೊಮ್ಮೆ ಎಣ್ಣೆ ತಿಕ್ಕಿ, ಸೀಗೇಪುಡಿ ಹಚ್ಚಿ, ಬಚ್ಚಲಿನ ಮಣೆಯ ಮೇಲೆ ಕೂರಿಸಿ ಅತ್ಯಾ ತಲೆಗೆ ನೀರು ಹುಯ್ಯುತ್ತಿದ್ದಳು, ಒಂದು ಸಾಲಿಗೆ ಒಂದು ತಂಬಿಗೆ.

ಎರಿಯಲೇನ ಹೂಬಿಸಿ ನೀರ
ಹೂವಿನಂಥಾ ನೆತ್ತಿಗಿ
ಕಣ್ಣ ಮುಚ್ಚ ಕಂದವ್ವಾ
ಕಾಗಿ ಬಂದದ ಕಿಟಕಿಗಿ

ಸೀಗೆ ಕಣ್ಣಿಗೆ ಹೋಗಿ ಕೂಸು ಚೀರಬಾರದೆಂದು ಅತ್ಯಾ ತಾನೇ ಕಟ್ಟಿಕೊಂಡ ಹಾಡು ಅದು, ಯಾರ ಬಾಯಿಂದಲೂ ಕಲಿತದ್ದಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ಶರ್ವರಿ ಅದನ್ನು ಯಾವತ್ತೂ ಕಣ್ಣು ತೆರೆದು ಕೇಳಿದವಳೇ ಅಲ್ಲ. ಅದು ಕತ್ತಲೆಯ ಹಾಡು, ಬೆಚ್ಚಗಿನ ಕತ್ತಲೆ, ಕಿವಿಯ ಹಿಂದೆ ಇಳಿಯುವ ನೀರು, ನೆತ್ತಿಯ ಮೇಲೆ ಬಳೆಗಳ ಸಣ್ಣ ಸದ್ದು. ಒಂದನೇ ತರಗತಿಯಲ್ಲಿದ್ದಾಗ ಟೈಫಾಯ್ಡ್ ಬಂದು ಕೂದಲೆಲ್ಲ ಉದುರಿ, ಉಳಿದದ್ದನ್ನೂ ಬೋಳಿಸಿದರು. ಶಾಲೆಯಲ್ಲಿ ಹುಡುಗರು "ಟಕಲೂ" ಅನ್ನುತ್ತಿದ್ದರು. ಆ ಬೋಳು ತಲೆಗೆ ನೀರು ಹುಯ್ಯುವಾಗ ಅತ್ಯಾ ಹಾಡಿಗೆ ಹೊಸದೊಂದು ನುಡಿ ಸೇರಿಸಿದಳು, ಶರ್ವರಿಯ ಹೆಸರಿಟ್ಟು. ಕೂದಲು ಕೊತ್ತಂಬರಿಯ ಮಡಿಯ ಹಾಗೆ ಮತ್ತೆ ಚಿಗುರುತ್ತದೆ ಎಂಬರ್ಥದ್ದು. ನಾಲ್ಕು ಸಾಲು. ಕೂದಲು ಬಂದ ಮೇಲೂ ಆ ನುಡಿ ಹಾಡಿನ ನಡುವೆ ಹಾಗೆಯೇ ಉಳಿಯಿತು. ಅದು ಮುಗಿದ ಮೇಲೆ ಕೊನೆಯದು, ನೀರವ್ವನಿಗೆ ಸಾಕು ಮಾಡು ಎಂದು ಹೇಳಿ, ಟಾವೆಲ್ಲು ಹಿಡಿದು ಬಾಗಿಲಲ್ಲಿ ನಿಂತ ಸೂರ್ಯಪ್ಪನನ್ನು ಕರೆಯುವ ನುಡಿ. ಅದನ್ನು ಕೇಳಿದ ಮೇಲೆಯೇ ಕಣ್ಣು ಬಿಡಬಹುದಿತ್ತು.

ಅಭಿಲಾಷ ಬೆಂಗಳೂರಿನ ಹುಡುಗ, ಕಾಲೇಜಿನಲ್ಲಿ ಅವಳಿಗಿಂತ ಒಂದು ವರ್ಷ ಮುಂದೆ. ಹಾಡು ಮಾಡುವುದು, ಅದಕ್ಕೆ ವಿಡಿಯೋ ಮಾಡುವುದು, ಎರಡೂ ಅವನಿಗೆ ಹುಚ್ಚು. ಒಂದು ದಿನ ಶರ್ವರಿ ಗುನುಗಿದ್ದನ್ನು ಕೇಳಿ "ಏ, ಇದು ಯಾವುದೇ? ಸಖತ್ತಾಗಿದೆ" ಅಂದ. ಅವನ ರೂಮಿನಲ್ಲಿ ಗೋಡೆಗೆಲ್ಲ ರಜಾಯಿ ತೂಗುಹಾಕಿ ಅತ್ಯಾಳನ್ನು ಮೈಕಿನ ಮುಂದೆ ಕೂರಿಸಿದರು. ಅವಳಿಗೆ ದನಿಯೇ ಹೊರಡಲಿಲ್ಲ. ಕೈ ಖಾಲಿ ಇದ್ದರೆ ತಾಳ ಸಿಗುವುದಿಲ್ಲವೆಂದು ಹೇಳಲು ನಾಚಿ, ಕೊನೆಗೆ "ಒಂದು ಬಕೀಟು, ಒಂದು ತಂಬಗಿ ಸಿಕ್ಕೀತೇನಪಾ?" ಎಂದು ಕೇಳಿದಳು. ಅಭಿಲಾಷ ಬಿದ್ದು ಬಿದ್ದು ನಕ್ಕು, ಬಕೆಟ್ಟು ತಂದುಕೊಟ್ಟ. ಅವಳು ಕಣ್ಣು ಮುಚ್ಚಿಕೊಂಡು ನೀರು ಹುಯ್ಯುತ್ತ ಹುಯ್ಯುತ್ತ ಇಡೀ ಹಾಡನ್ನು ಒಂದೇ ಉಸಿರಿಗೆ ಎಂಬಂತೆ ಹಾಡಿ ಮುಗಿಸಿದಾಗ ಅವನ ನಗು ನಿಂತಿತ್ತು. ಆ ನೀರಿನ ಸದ್ದು ಹಾಡಿನಲ್ಲಿ ಇವತ್ತಿಗೂ ಇದೆ. ಕೆಳಗೆ ಕಾಮೆಂಟುಗಳಲ್ಲಿ ಎಲ್ಲರೂ ಅದನ್ನೇ ಹೊಗಳುತ್ತಾರೆ, ಜಲಪಾತವನ್ನು ಎಷ್ಟು ಚಂದ ರೆಕಾರ್ಡ್ ಮಾಡಿದ್ದೀರಿ ಎಂದು.

ರಿಕ್ಷಾ ಇಳಿದು ಬಂದ ಶರ್ವರಿ ಮನೆಯ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಕಂಡು, ಇವತ್ತೂ ಆಗಲಿಕ್ಕಿಲ್ಲ ಎಂದುಕೊಂಡಳು. ಒಳಗೆ ರಾಘಣ್ಣ ಕೂತಿದ್ದರು, ಕೊಥ್ರೂಡದ ಕನ್ನಡ ಕೂಟದ ಕಾರ್ಯದರ್ಶಿ, ಅಪ್ಪನ ಗೆಳೆಯರು. ಎದುರಿಗೆ ಅವಲಕ್ಕಿಯ ತಾಟು.

"ಬಾರವಾ ಬಾ, ಸ್ಟಾರು!" ಅಂದರು. "ನಿನ್ನ ಅಪಾಯಿಂಟಮೆಂಟ ಸಿಗಬೇಕಂದ್ರ ನಿಮ್ಮ ಅತ್ಯಾನ ಕೈಯಾಗಿನ ಎರಡು ತಾಟ ಅವಲಕ್ಕಿ ತಿನ್ನಬೇಕಾತು ನೋಡು."

"ಮೂರನೇದು ಹಾಕತೀನಿ, ಸುಮ್ಮನ ಕೂಡ್ರಿ," ಅಂದಳು ಅತ್ಯಾ ಅಡುಗೆಮನೆಯಿಂದ.

"ಬ್ಯಾಡ್ರಿ ಅನುಸೂಯಾಬಾಯಿ, ಮನ್ಯಾಗ ಹೇಣ್ತಿ ಹಸದು ಕೂತಾಳ, ಆಕೀ ಮುಂದ ಹೊಟ್ಟಿ ತುಂಬಿದ ಡೇಕರಿಕಿ ಬಂದ್ರ ನನ್ನ ಕಥಿ ಮುಗೀತು." ಅವರು ಶರ್ವರಿಯ ಕಡೆ ತಿರುಗಿದರು. "ಕೇಳಿಲ್ಲೆ. ರಾಜ್ಯೋತ್ಸವದ ಕಾರ್ಯಕ್ರಮದಾಗ ನಿನ್ನ ಹಾಡು ಇಟ್ಟೀವಿ. ಎಲ್ಲಾರೂ ಅದನ್ನ ಕೇಳಲಿಕ್ಕೆ ಹತ್ಯಾರ. ಶಾಲು, ಫಲ, ಎಲ್ಲಾ ಆಗ್ತದ."

"ನಾ ಹಾಡೂದಿಲ್ರಿ ಕಾಕಾ," ಎಂದಳು ಶರ್ವರಿ. ಇದೇ ಸರಿಯಾದ ಹೊತ್ತು, ಇನ್ನೊಂದೇ ವಾಕ್ಯ ಸಾಕು.

"ಏ, ಯಾರು ಹಾಡು ಅಂದ್ರು ನಿನಗ? ಅಷ್ಟು ಮಂದಿ ಮುಂದ ಹಾಡೋದಂದ್ರ ಗಂಟಲ ಒಣಗ್ತದ, ನನಗ ತಿಳೀತದ. ನಾವು ಟ್ರ್ಯಾಕ್ ಹಚ್ಚತೀವಿ. ನೀ ಬರೇ ಬಾಯಿ ಆಡಸು."

ಬರೇ ಬಾಯಿ ಆಡಸು. ವಿಡಿಯೋ ತೆಗೆದ ದಿನ ಲೋಣಾವಳಾದ ಬೆಟ್ಟದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕ್ಯಾಮೆರಾ ಹಿಡಿದವನ ಕಾಲು ಕಾಣುತ್ತಿರಲಿಲ್ಲ. ಅತ್ಯಾ ಟ್ರಂಕಿನ ತಳದಿಂದ ತೆಗೆದ ಇಳಕಲ್ ಸೀರೆ ಉಟ್ಟು, ಲೋಕಲ್ ರೈಲಿನಲ್ಲಿ ಅದು ಮುದುಡಬಾರದೆಂದು ಪುಣೆಯಿಂದ ನಿಂತುಕೊಂಡೇ ಬಂದಿದ್ದಳು. ಝರಿಯ ಪಕ್ಕದ ಬಂಡೆಯ ಮೇಲೆ ಅವಳನ್ನು ನಿಲ್ಲಿಸಿದರು. ನೀರು, ಕೂದಲು, ಮಂಜು, ಎಲ್ಲ ನಿಧಾನಕ್ಕೆ ತೇಲುವ ಹಾಗೆ ಕಾಣಬೇಕೆಂದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಚ್ಚಿ, ಅದೇ ವೇಗಕ್ಕೆ ತುಟಿ ಆಡಿಸಬೇಕು. ಆಮೇಲೆ ಚಿತ್ರವನ್ನು ನಿಧಾನ ಮಾಡಿದಾಗ ತುಟಿಯೂ ಹಾಡೂ ತಾನಾಗಿ ಕೂಡುತ್ತವೆ. ಅಭಿಲಾಷ ಇದನ್ನು ಬಿಡಿಸಿ ಹೇಳಿದ. ಅತ್ಯಾ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಸ್ಪೀಕರಿನಿಂದ ಅವಳದೇ ದನಿ ಅಳಿಲು ಕಿರುಗುಟ್ಟಿದ ಹಾಗೆ ಹೊರಟಿತು. ಅವಳು ಬೆಚ್ಚಿ ಸ್ಪೀಕರನ್ನು ನೋಡಿದಳು. "ಇದು ನಾನೇನ?" ಎಂದು ಕೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮತ್ತೆ ಹಚ್ಚಿದರು. ಅವಳ ಬಾಯಿ ಎರಡನೇ ಸಾಲಿನಲ್ಲಿರುವಾಗ ಹಾಡು ಕಾಗೆಯನ್ನು ದಾಟಿಹೋಗಿತ್ತು. ಅವಳ ಬಲಗೈ ತನ್ನಷ್ಟಕ್ಕೆ ಮೇಲೆದ್ದು ಇಲ್ಲದ ತಂಬಿಗೆಯನ್ನು ಬಗ್ಗಿಸುತ್ತಿತ್ತು. "ಆಂಟಿ, ಕೈ ಬೇಡ ಆಂಟಿ, ಜಸ್ಟ್ ಲಿಪ್ಸ್," ಎಂದು ಅಭಿಲಾಷ ಕೂಗಿದ. ಮತ್ತೆ, ಮತ್ತೆ. ಮಳೆ ಶುರುವಾಯಿತು. ಬೆಳಕು ಹೋಗುತ್ತಿದೆ ಎಂದು ಯಾರೋ ಗೊಣಗಿದರು. ಅತ್ಯಾಳ ತುಟಿಗಳು ತಮ್ಮದೇ ಹಾಡಿನ ಹಿಂದೆ, ಹೊರಟ ಬಸ್ಸಿನ ಹಿಂದೆ ಓಡುವವರ ಹಾಗೆ ಓಡುತ್ತಿದ್ದವು. ಶರ್ವರಿ ಕ್ಯಾಮೆರಾದ ಪಕ್ಕದಲ್ಲಿ ನಿಂತು, ನನ್ನನ್ನು ನೋಡಿ ಮಾಡು ಅತ್ಯಾ ಎಂದು ತಾನೂ ತುಟಿ ಆಡಿಸಿದಳು. ಸಹಾಯ ಮಾಡಲೆಂದೇ. ಆ ಕ್ಷಣದಲ್ಲಿ ಸಹಾಯದ ಹೊರತು ಬೇರೇನೂ ಮನಸ್ಸಿನಲ್ಲಿರಲಿಲ್ಲ ಎಂದು ಅವಳು ಎಷ್ಟೋ ಸಲ ತನಗೇ ಹೇಳಿಕೊಂಡಿದ್ದಾಳೆ. ಅಭಿಲಾಷ ಅವಳನ್ನು ನೋಡಿದ, ಸ್ಪೀಕರನ್ನು ನೋಡಿದ, ಮತ್ತೆ ಅವಳನ್ನು ನೋಡಿದ. "ಶರ್ವರಿ, ನಿನ್ನ ತುಟಿ ಹಾಡಿಗೆ ಪರ್ಫೆಕ್ಟ್ ಆಗಿ ಕೂತ್ಕೋತಿದೆ. ನೀನೇ ನಿಂತ್ಕೋ."

ಬೇಡ ಎನ್ನಲು ಅವಳು ಅತ್ಯಾಳ ಮುಖ ನೋಡಿದಳು. ಅತ್ಯಾ ಆಗಲೇ ಬಂಡೆಯಿಂದ ಇಳಿಯುತ್ತಿದ್ದಳು, ನಿರಿಗೆಗಳನ್ನು ಎತ್ತಿ ಹಿಡಿದು, ಜಾರದ ಹಾಗೆ. "ನಿಲ್ಲವಾ, ನೀನ ನಿಲ್ಲು. ನನ್ನ ಮಾರಿ ಏನು ನೋಡ್ತಾರ," ಎಂದಳು. ಶರ್ವರಿ ನಿಂತಳು. ಇಷ್ಟು ಉದ್ದದ ಕೂದಲು, ಬಿಚ್ಚು, ಎಂದರು, ಬಿಚ್ಚಿದಳು. ನೀರಿನ ಕೆಳಗೆ ಬಾ ಎಂದರು, ಬಂದಳು. ಕೂಸಿನ ತಲೆಗೆ ಹುಯ್ಯುವ ನೀರು ಅವಳ ಕುತ್ತಿಗೆಯ ಮೇಲೆ, ಒದ್ದೆ ರವಿಕೆಯ ಮೇಲೆ ಇಳಿಯುವುದನ್ನು ಕ್ಯಾಮೆರಾ ಹತ್ತಿರ ಬಂದು ನೋಡಿತು. ಮರದ ಕೆಳಗೆ ಛತ್ರಿ ಹಿಡಿದು ನಿಂತ ಅತ್ಯಾ, ಪ್ರತಿ ಶಾಟಿನ ನಡುವೆ ಓಡಿ ಬಂದು ಅವಳ ತಲೆಯನ್ನು ಸೆರಗಿನಿಂದ ಒರೆಸುತ್ತಿದ್ದಳು, ಇಳಕಲ್ ಸೀರೆಯ ಸೆರಗಿನಿಂದ, ನೆಗಡಿಯಾದೀತು ಎಂದು. ಶರ್ವರಿಗೆ ಚಳಿಯಾಗುತ್ತಿತ್ತು, ನಾಚಿಕೆಯಾಗುತ್ತಿತ್ತು. ಅದೆಲ್ಲದರ ಅಡಿಯಲ್ಲಿ, ಇವತ್ತಿಗೂ ಯಾರಿಗೂ ಹೇಳಲಾಗದ ಹಾಗೆ, ಭಾಳ ಸಂತೋಷವಾಗುತ್ತಿತ್ತು.

ವಿಡಿಯೋ ಜೋಡಿಸುವಾಗ ಅಭಿಲಾಷ "ಕಣ್ಣ ಮುಚ್ಚ" ಎಂಬ ಎರಡೇ ಮಾತನ್ನು ಕತ್ತರಿಸಿ ಮತ್ತೆ ಮತ್ತೆ ಬರುವ ಹಾಗೆ ಮಾಡಿದ. ಕಂದವ್ವ ಮೊದಲ ಸುತ್ತಿನಲ್ಲೇ ಕಳಚಿ ಬಿದ್ದಳು. ಈಗ ಅದು ಯಾರೋ ಯಾರಿಗೋ ಕಿವಿಯಲ್ಲಿ ಹೇಳುವ ಮಾತಿನ ಹಾಗಾಯಿತು. ಕೊನೆಯ ನುಡಿಗೆ ಬೆಟ್ಟದ ಮೇಲಿನ ಸೂರ್ಯೋದಯ ಸಿಕ್ಕಿತ್ತು. ನಡುವಿನದಕ್ಕೆ ಏನೂ ಸಿಕ್ಕಿರಲಿಲ್ಲ. "ಇದಕ್ಕೆ ವಿಷುವಲ್ ಇಲ್ಲ, ಬೋಳು ತಲೆ ಗೀಳು ತಲೆ ಅಂತ ಬೇರೆ ಇದೆ, ತೆಗೆದುಬಿಡ್ಲಾ?" ಎಂದು ಕೇಳಿದ. ಅವಳು ಒಂದು ಕ್ಷಣವೂ ಯೋಚಿಸದೆ ತೆಗಿ ಅಂದಳು. ಹಗುರಾಯಿತು ಕೂಡ. ಪರದೆಯ ಮೇಲೆ ಅಷ್ಟುದ್ದ ಕೂದಲು ಹಾರುವಾಗ ಹಿಂದಿನಿಂದ ಯಾರೋ ಟಕಲೂ ಎಂದು ಕೂಗಿದ ಹಾಗೆ ಆ ನುಡಿ ಬರುವುದು ಅವಳಿಗೇ ಬೇಡವಾಗಿತ್ತು. ಕಳೆದ ವಾರ ಅವನಿಗೆ ಫೋನು ಮಾಡಿ ಆ ಮೂಲ ರೆಕಾರ್ಡಿಂಗ್ ಕೊಡು ಎಂದು ಕೇಳಿದ್ದಳು. "ಅಯ್ಯೋ, ಹಾರ್ಡ್ ಡಿಸ್ಕ್ ಫುಲ್ ಆಗಿತ್ತು ಕಣೇ, ಹೊಸ ಪ್ರಾಜೆಕ್ಟ್‌ಗೆ ಅಂತ ಹಳೇದೆಲ್ಲಾ ಡಿಲೀಟ್ ಮಾಡ್ದೆ. ಯಾಕೆ, ಫೈನಲ್ ವಿಡಿಯೋ ಇದೆಯಲ್ಲ?" ಅಂದಿದ್ದ.

"ಏನವಾ, ಮಾತಾಡು," ಎನ್ನುತ್ತಿದ್ದರು ರಾಘಣ್ಣ. "ಹೂಂ ಅನ್ನು, ನಾ ಪಾಂಪ್ಲೆಟ ಛಾಪಸ್ತೀನಿ."

"ಕಾಕಾ, ಅದು ನಾನಲ್ಲ," ಎಂದಳು ಶರ್ವರಿ. "ದನಿ ನಂದಲ್ರಿ. ಅದು..."

"ಅಯ್ಯ, ಕೇಳಬ್ಯಾಡ್ರಿ ಆಕೀ ಮಾತು," ಎಂದು ಅತ್ಯಾ ಚಹಾದ ಕಪ್ಪು ಹಿಡಿದು ಹೊರಗೆ ಬಂದಳು. "ಮಶೀನದಾಗ ದನಿ ಬ್ಯಾರೇನ ಕೇಳಸ್ತದಂತ ಹಿಂಗ ಅಂತಾಳ. ನಾಚಿಕಿ ಆಕೀಗೆ. ನಮ್ಮ ಶರೂ ಭಾಳ ಛಂದ ಹಾಡ್ತಾಳ್ರಿ, ಸಣ್ಣಾಕಿ ಇದ್ದಾಗಿಂದ."

ಕಪ್ಪನ್ನು ಟೀಪಾಯಿಯ ಮೇಲಿಟ್ಟು, ತುಳುಕಿದ ಒಂದು ಹನಿಯನ್ನು ಸೆರಗಿನ ತುದಿಯಿಂದ ಒರೆಸಿದಳು. ಮುಖದಲ್ಲಿ ಕೊಂಕಿರಲಿಲ್ಲ, ತ್ಯಾಗದ ಬೆಳಕೂ ಇರಲಿಲ್ಲ. ಮನೆಯ ಹುಡುಗಿಯ ಬಗ್ಗೆ ಹೊರಗಿನವರ ಮುಂದೆ ಆಡಬೇಕಾದ ಮಾತನ್ನು ಆಡಿದ ಹಾಗಿತ್ತು, ಅಷ್ಟೇ. ಶರ್ವರಿಯ ಬಾಯಿ ತೆರೆದದ್ದು ತೆರೆದೇ ಇತ್ತು.

"ಗೊತ್ತದಲ್ರೀ ಮತ್ತ! ನೀವೂ ಬರಬೇಕ್ರಿ ಬಾಯಾರ, ಮುಂದಿನ ಸಾಲಿನ್ಯಾಗ ಕೂಡ್ರಸ್ತೀನಿ ನಿಮ್ಮನ್ನ," ಎಂದು ರಾಘಣ್ಣ ಚಹಾ ಕುಡಿದು ಎದ್ದರು.

ಬಾಗಿಲು ಮುಚ್ಚಿತು. ಫ್ರಿಜ್ಜು ಗುಂಯ್ಗುಡತೊಡಗಿತು.

"ಯಾಕ ಹಂಗಂದಿ ಅತ್ಯಾ?"

"ಏನಂದೆ?"

"ನಾ ಹಾಡ್ತೀನಿ ಅಂತ."

"ಮತ್ತ ಎಲ್ಲಾರೂ ಹಂಗ ಅಂತಾರಲ್ಲ." ಅತ್ಯಾ ತಾಟು ಎತ್ತಿಕೊಂಡಳು. "ನಾ ಅಂತ ಹೇಳಿದ್ರ ಆ ರಾಘಣ್ಣ ನನ್ನ ಮಾರಿ ನೋಡ್ತಿದ್ದ, ಹೌದಲ್ಲೋ? ನೋಡಿ, ನಕ್ಕು, ಹೌದೇನ್ರಿ ಅಂತಿದ್ದ. ಅದೆಲ್ಲಾ ಯಾಕ ಬೇಕು."

ಶರ್ವರಿಗೆ ಎರಡು ತಿಂಗಳ ಹಿಂದಿನ ಮಧ್ಯಾಹ್ನವೊಂದು ನೆನಪಾಯಿತು. ಕ್ಲಾಸು ಬೇಗ ಬಿಟ್ಟಿತ್ತು. ತನ್ನ ಚಾವಿಯಿಂದ ಬಾಗಿಲು ತೆಗೆದು ಒಳಬಂದಾಗ ಅತ್ಯಾ ಬಾಗಿಲಿಗೆ ಬೆನ್ನು ಮಾಡಿ ಕಿಟಕಿಯ ಬಳಿ ಕೂತಿದ್ದಳು. ಅವಳ ಮುಖ ಗಾಜಿನಲ್ಲಿ ಕಾಣುತ್ತಿತ್ತು. ಕೈಯಲ್ಲಿ ಮೊಬೈಲು, ದನಿ ತೀರ ಸಣ್ಣಗೆ. ವಿಡಿಯೋ ಓಡುತ್ತಿತ್ತು. ಅತ್ಯಾಳ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು, ಪರದೆಯ ಮೇಲಿನ ಶರ್ವರಿಯ ತುಟಿಗಳ ಜೊತೆ, ಎಲ್ಲಿ ಅವು ತೆರೆದವೋ ಅಲ್ಲಿ ತೆರೆದು, ಎಲ್ಲಿ ಕೂಡಿದವೋ ಅಲ್ಲಿ ಕೂಡಿ. ಮುಗಿದ ಕೂಡಲೇ ಬೆರಳಿಂದ ಮತ್ತೆ ಮೊದಲಿಗೆ ಎಳೆದಳು. ಕಲಿಯುತ್ತಿದ್ದಳು. ಶರ್ವರಿ ಕಳ್ಳಿಯ ಹಾಗೆ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಸ್ವಲ್ಪ ಹೊತ್ತು ಮಹಡಿಯ ಮೆಟ್ಟಿಲ ಮೇಲೆ ಕೂತು, ಆಮೇಲೆ ಬೆಲ್ಲು ಒತ್ತಿದ್ದಳು.

"ಅತ್ಯಾ," ಎಂದಳು. "ನನಗ ಎರೀತಿ?"

"ಏನು?"

"ತಲೀಗೆ. ಸೀಗಿಪುಡಿ ಅದನಾ ಇನ್ನೂ?"

ಅತ್ಯಾ ತಾಟು ಹಿಡಿದೇ ತಿರುಗಿ ನಕ್ಕಳು. "ಮದವಿಗೆ ಬಂದ ಕೋಣಾ, ಶಾಂಪೂ ಹಾಕ್ಕೊಂಡು ಶವರಿನ ಕೆಳಗ ನಿಲ್ಲೂದು ಬಿಟ್ಟು..." ಎಂದವಳು ಹುಡುಗಿಯ ಕಣ್ಣು ನೋಡಿ ನಗು ನಿಲ್ಲಿಸಿದಳು. ತಾಟನ್ನು ಅಲ್ಲೇ ಇಟ್ಟಳು. "ನಡಿ. ಗೀಜರ ಹಚ್ಚು. ಭಾಳ ಸುಡೂದು ಬ್ಯಾಡ, ಹೂಬಿಸಿ ಸಾಕು."

ಬಚ್ಚಲು ಈಗ ಎಷ್ಟು ಸಣ್ಣದಾಗಿತ್ತು. ಮಣೆ ಎಲ್ಲಿ ಹೋಗಿತ್ತೋ, ಪ್ಲಾಸ್ಟಿಕ್ಕಿನ ಸ್ಟೂಲನ್ನು ಹಾಕಿಕೊಂಡು, ಹಳೆಯ ನೈಟಿಯಲ್ಲಿ ಮೊಣಕಾಲು ತಬ್ಬಿ ಕೂತರೆ ಭುಜ ಗೋಡೆಗೆ ತಾಗುತ್ತಿತ್ತು. ಅತ್ಯಾಳ ಬೆರಳುಗಳು ನೆತ್ತಿಯಲ್ಲಿ ಓಡಾಡಿದವು, ಹಳೆಯ ದಾರಿಗಳಲ್ಲೇ. ಸೀಗೆಯ ಒಗರು ವಾಸನೆ ಮೂಗಿಗೆ ಅಡರಿತು. ಶರ್ವರಿ ಕಣ್ಣು ಮುಚ್ಚಿದಳು. ಮೊದಲ ತಂಬಿಗೆ ಬಿತ್ತು. ಎರಡನೆಯದು. ಹಾಡು ಎಂದು ಕೇಳಬಾರದು, ಕೇಳಿದರೆ ಹೆದರಿ ಓಡಿಹೋದೀತು ಎಂದು ಉಸಿರು ಬಿಗಿಹಿಡಿದಳು. ಮತ್ತೊಂದು ತಂಬಿಗೆ, ಬಳೆಗಳ ಸದ್ದು. ಆಮೇಲೆ, ಎಷ್ಟೋ ದಿನ ತೆರೆಯದ ಬಾಗಿಲಿನ ಹಾಗೆ ತುಸು ಕಿರುಗುಟ್ಟಿ, ಅತ್ಯಾಳ ದನಿ ಹೊರಟಿತು.

ಎರಿಯಲೇನ ಹೂಬಿಸಿ ನೀರ. ನಿಧಾನವಾಗಿ, ಮೊದಲಿನಂತೆಯೇ. ಶರ್ವರಿಯ ಮುಚ್ಚಿದ ಕಣ್ಣಿನೊಳಗೆ ಬಿಸಿ ನೀರು ಊರಿತು. ಹೂವಿನಂಥಾ ನೆತ್ತಿಗಿ. ಹಾಡು ಸಿಕ್ಕಿತು, ಕಳೆದಿರಲಿಲ್ಲ, ಇಲ್ಲೇ ಇತ್ತು, ಬಚ್ಚಲಿನಲ್ಲಿ. ಕಣ್ಣ ಮುಚ್ಚ, ಎಂದು ಹಾಡಿದ ಅತ್ಯಾ ಒಂದು ತಂಬಿಗೆಯಷ್ಟು ಹೊತ್ತು ತಡೆದು ಮತ್ತೆ ಕಣ್ಣ ಮುಚ್ಚ ಎಂದಳು, ಮತ್ತೊಮ್ಮೆ ಕಣ್ಣ ಮುಚ್ಚ ಎಂದಳು, ಆಮೇಲೆ ಸೀದಾ ಕಾಗೆಗೆ ಹೋದಳು. ಶರ್ವರಿ ಮೊಣಕಾಲನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಇರಲಿ. ಇನ್ನು ನಡುವಿನದು ಬರುತ್ತದೆ, ಬೋಳು ತಲೆಯದು, ತನ್ನ ಹೆಸರಿನದು. ಕಾಗೆ ಕಿಟಕಿಗೆ ಬಂತು. ನೀರು ಬಿತ್ತು. ಉಸಿರು ತೆಗೆದುಕೊಂಡ ಸದ್ದು ಕೇಳಿಸಿತು.

ಸಾಕ ಮಾಡ ನೀರವ್ವಾ, ಎಂದು ಹಾಡಿದಳು ಅತ್ಯಾ, ಚಳಿಗಿ ನಡಗ್ತದ ನಮ್ಮ ಕೂಸ.

"ಅತ್ಯಾ, ನಡುವಿಂದು?"

"ನಡುವ ಏನದ?"

"ನಡುವಿನ ನುಡಿ. ನನ್ನ ಹೆಸರ ಹಾಕಿ ಹಾಡ್ತಿದ್ದಿ. ಕೊತ್ತಂಬರಿ..."

ತಂಬಿಗೆ ಬಕೆಟ್ಟಿನ ಅಂಚಿಗೆ ತಾಗಿ ನಿಂತಿತು. ನಲ್ಲಿಯ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. "ಕೊತ್ತಂಬರಿ," ಎಂದು ಅತ್ಯಾ ತಾನೇ ತಾನಾಗಿ ಅಂದುಕೊಂಡಳು. ಕಾಗೆಯ ಸಾಲನ್ನು ಮತ್ತೆ ಹಿಡಿದು, ಅದರ ತುದಿಯವರೆಗೆ ಬಂದು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ ಕಾಲು ಚಾಚಿದಳು. ಸಾಕ ಮಾಡ ನೀರವ್ವಾ ಎಂಬುದೇ ಮತ್ತೆ ಬಂತು. ಇನ್ನೊಮ್ಮೆ ನೋಡಿದಳು. ಮತ್ತೆ ಅದೇ.

"ಹಿಂಗ ಅದ ಅಲ್ಲವಾ?" ಎಂದಳು ಕೊನೆಗೆ, ತಪ್ಪು ಉತ್ತರ ಹೇಳಿದೆನೇನೋ ಎಂಬ ದನಿಯಲ್ಲಿ. "ಆ ವಿಡಿಯೋದಾಗೂ ಹಿಂಗ ಅದ. ನಾ ದಿನಾ ನೋಡ್ತೀನಲ್ಲ."

"ಹೌದು," ಎಂದಳು ಶರ್ವರಿ. "ಹಿಂಗ ಅದ."

ತನಗಾದರೂ ನೆನಪಿರಬೇಕಿತ್ತು. ನೆತ್ತಿಯ ಮೇಲೆ ಹಾಡಿದ ನುಡಿ ಅದು, ತಲೆಯೊಳಗೆ ಎಲ್ಲೋ ಇರಲೇಬೇಕು. ಒಂದು ಸಾಲು ಸಿಕ್ಕರೂ ಅತ್ಯಾಳಿಗೆ ಎತ್ತಿಕೊಡಬಹುದು, ಉಳಿದದ್ದನ್ನು ಅವಳು ಹಿಡಿದಾಳು. ಶರ್ವರಿ ರೆಪ್ಪೆಗಳನ್ನು ಬಿಗಿಯಾಗಿ ಒತ್ತಿ, ಆ ಬೆಚ್ಚಗಿನ ಕತ್ತಲೆಗಾಗಿ ಕಾದಳು. ಕತ್ತಲೆ ಬರಲಿಲ್ಲ. ಬಂಡೆ ಬಂತು, ಮಂಜು ಬಂತು, ಉದ್ದ ಕೂದಲು ನೀರಿನ ಜೊತೆ ನಿಧಾನಕ್ಕೆ, ಬಹಳ ನಿಧಾನಕ್ಕೆ ಹಾರಿತು, ಅದರ ನಡುವೆ ಅವಳದೇ ಮುಖ ಕ್ಯಾಮೆರಾದ ಕಡೆ ತಿರುಗಿ ಬಾಯಿ ತೆರೆಯಿತು.

"ಕಣ್ಣ ಮುಚ್ಚವಾ, ಸೀಗಿ ಹೋದೀತು," ಎಂದು ಅತ್ಯಾ ತಂಬಿಗೆ ಎತ್ತಿದಳು.

ಕಣ್ಣು ಮುಚ್ಚಿಯೇ ಇದ್ದವು.